ಡಾಲ್ಫಿನ್ ಮತ್ತು ರಾಗಿಹಿಟ್ಟಿನ ಪತಂಗ

ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಬಹ್ರೇನಿನಲ್ಲಿರುವ ಒಂದು ದೊಡ್ಡ ಜೀವಿಯನ್ನೂ ಒಂದು ಸಣ್ಣ ಜೀವಿಯನ್ನೂ ಕಣ್ಣಾರೆ ನೋಡಿ ಹೋಲಿಸಬೇಕು. ದೊಡ್ಡದು ಡಾಲ್ಫಿನ್ನೇ ಎಂದು ನನ್ನ ಗಂಡ ತಕ್ಷಣ ತೀರ್ಮಾನಿಸಿದರು. ಅವರು ಮೈಸೂರಿನವರು. ಕಡಲಿನ ಬಗ್ಗೆ ಅವರಿಗಿರುವ ಉತ್ಸಾಹ ಮಲ್ಪೆಯಲ್ಲಿ ಹುಟ್ಟಿ ಬೆಳೆದ ನನಗಿಲ್ಲ.

ಶುಕ್ರವಾರ ಬೋಟಿನಲ್ಲಿ ಹೊರಟೆವು. ದಡ ಮರೆಯಾಗುವ ಮೊದಲೇ ಅವರ ಮುಖ ಬಿಳುಚಿಕೊಂಡಿತು. ಬೋಟಿನವನು "ಅಗೋ" ಎಂದು ಬಲಕ್ಕೆ ಕೈ ತೋರಿಸಿದಾಗ ಅವರು ಎಡಗಡೆ ಬಗ್ಗಿ ವಾಂತಿ ಮಾಡುತ್ತಿದ್ದರು. ನಾನು ಅವರ ಬೆನ್ನು ತಿಕ್ಕುತ್ತಿದ್ದೆ. ಮಗಳಿಗೆ ಒಂದು ಬೂದು ಬೆನ್ನು ಕಂಡಿತಂತೆ, ಅಷ್ಟೇ. "ಖಲಾಸ್, ಹೋದವು," ಎಂದ ಬೋಟಿನವನು.

ಸಣ್ಣ ಜೀವಿಗಾಗಿ ನಾವೆಲ್ಲೂ ಹೋಗಬೇಕಾಗಲಿಲ್ಲ. ಮಾಹೂಝಿನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ, ಅತ್ತೆ ಊರಿಂದ ತಂದ ರಾಗಿಹಿಟ್ಟಿನ ಡಬ್ಬ ತೆಗೆದರೆ ಸಾಕು, ಪುಟ್ಟ ಪತಂಗಗಳು ಹಾರುತ್ತಿದ್ದವು. ಮಗಳು ಸ್ಟೂಲ್ ಹತ್ತಿ ಗೋಡೆಯ ಮೇಲೆ ಕೂತಿದ್ದ ಒಂದನ್ನು ನೋಡುತ್ತಾ ನಿಂತಳು. ರೆಕ್ಕೆಯ ಅರ್ಧ ಬೂದು, ಅರ್ಧ ತಾಮ್ರದ ಬಣ್ಣ. ಆಮೇಲೆ ಟ್ಯಾಬಿನಲ್ಲಿ ಹುಡುಕಿ, "ಡ್ಯಾಡಿ, ಇದು ಇಂಡಿಯನ್ ಮೀಲ್ ಮಾತ್," ಎಂದಳು.

ಇವರಿಗೆ ಅವಮಾನವಾಯಿತು. "ಬೇರೆ ಏನಾದ್ರೂ ನೋಡು ಪುಟ್ಟಾ. ಇಂಡಿಯನ್ನರ ಮನೆ ತುಂಬಾ ಹುಳ ಅಂದ್ಕೊಳ್ತಾರೆ."

"ನಮ್ಮನೇಲಿ ಇರೋದು ಹೌದಲ್ಲ," ಎಂದೆ.

"ನಾನು ತಂದಾಗ ಹಿಟ್ಟು ಚೆನ್ನಾಗೇ ಇತ್ತಮ್ಮ," ಎಂದರು ಅತ್ತೆ, ಯಾರೂ ಕೇಳದಿದ್ದರೂ.

ಮಗಳು ಮುಂದೆ ಓದಿದಳು. ಅಮೆರಿಕದಲ್ಲಿ ಹಿಂದೆ ಮೆಕ್ಕೆಜೋಳದ ಹಿಟ್ಟಿಗೆ ಇಂಡಿಯನ್ ಮೀಲ್ ಅನ್ನುತ್ತಿದ್ದರಂತೆ. ಪತಂಗಕ್ಕೆ ಹೆಸರು ಬಂದದ್ದು ಅದರಿಂದ. ನಮ್ಮ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಷ್ಟು ಕೇಳಿದ್ದೇ ಇವರು ಜಾಮಿನ ಬಾಟಲಿ ತೊಳೆದು, ಮುಚ್ಚಳಕ್ಕೆ ತೂತು ಕೊರೆದು, ಮೂರು ಪತಂಗ ಹಿಡಿದುಕೊಟ್ಟರು.

ಪ್ರದರ್ಶನದ ದಿನ ಡಾಲ್ಫಿನ್ ಚಿತ್ರ ಬಹುಪಾಲು ಮೇಜುಗಳ ಮೇಲಿತ್ತು. ಪತಂಗ ಇದ್ದದ್ದು ನಮ್ಮಲ್ಲಿ ಮಾತ್ರ. ಮಗಳು ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದು ಬೇರೆಯೇ. ನಮಗೆ ಕೇಳಿಸದಷ್ಟು ಕೀರಲಾದ ಸದ್ದುಗಳು ಇವೆರಡಕ್ಕೂ ಕೇಳಿಸುತ್ತವೆ, ಡಾಲ್ಫಿನ್‌ಗೆ ಕೆಳದವಡೆಯ ಮೂಲಕ, ಪತಂಗಕ್ಕೆ ಹೊಟ್ಟೆಯ ಬುಡದಲ್ಲಿರುವ ಕಿವಿಯಿಂದ. ಆದರೆ ಬಂದವರಿಗೆಲ್ಲ ಇವರು ಅಡ್ಡ ನಿಂತು ಅಮೆರಿಕದ ಮೆಕ್ಕೆಜೋಳದ ಕಥೆಯನ್ನೇ ಹೇಳಿದರು. ಕೇರಳದ ಒಬ್ಬ ತಾಯಿ ಸಮಾಧಾನದಿಂದ ಕೇಳಿಸಿಕೊಂಡು, "ನಮ್ಮನೇಲೂ ಇವೆ, ಬೀದಿ ಮೂಲೆಯ ಕೋಲ್ಡ್ ಸ್ಟೋರ್ ಅಂಗಡಿಯಿಂದ ತಂದ ಆಟಾದಲ್ಲಿ," ಎಂದರು ಹಿಂದಿಯಲ್ಲಿ.

ಕೊನೆಗೆ ಟೀಚರ್ ಬಂದು, ಎರಡರಲ್ಲಿ ನಿನಗೆ ಯಾವುದು ಇಷ್ಟ ಎಂದು ಮಗಳನ್ನು ಕೇಳಿದರು.

"ಪತಂಗ," ಎಂದಳು ಅವಳು. "ನಾನು ನೋಡಿ ಮುಗಿಸೋವರೆಗೂ ಅದು ಕೂತಿತ್ತು."