ಒಂದೇ ಅಳತೆಯ ಸ್ಕ್ರೂ

ಕೊಟ್ರೇಶನಿಗೆ ಅಳತೆಯ ಹುಚ್ಚು. ಹರಿಹರದ ಕಾರ್ಖಾನೆಯಲ್ಲಿ ಹದಿನಾರು ವರ್ಷ ಲೇತ್ ಮುಂದೆ ನಿಂತವನು, ಅದು ಬಾಗಿಲು ಹಾಕಿದ ಮೇಲೆ ದಾವಣಗೆರೆಯ ಒಂದು ಮೂಳೆ ಆಸ್ಪತ್ರೆ ಸೇರಿಕೊಂಡ. ಆಪರೇಷನ್ ಥಿಯೇಟರಿನ ಪ್ಲೇಟು, ಸ್ಕ್ರೂ, ಡ್ರಿಲ್ಲು ಎಲ್ಲ ಅವನ ಸುಪರ್ದಿಗೆ. "ಕಣ್ಣಳತೇಲೇ ಹೇಳ್ತೀನ್ರಿ" ಎಂದು ಜಂಬ ಕೊಚ್ಚುತ್ತಿದ್ದ. ಡಾಕ್ಟರೂ ಕಣ್ಣುಮುಚ್ಚಿ ನಂಬಿದ್ದರು.

ಆ ಜಂಬವೇ ಕೈಕೊಟ್ಟಿತು ನೋಡಿ. ಶಾಮನೂರಿನ ಅಂಜಿನವ್ವನ ಮುರಿದ ಕಾಲಿಗೆ ಟೈಟಾನಿಯಂ ಪ್ಲೇಟು ಕೂರಿಸುವಾಗ ಕೊನೆಯ ಸ್ಕ್ರೂ ನೆಲಕ್ಕೆ ಬಿತ್ತು. ಬಿದ್ದದ್ದನ್ನು ಮೈಯೊಳಗೆ ಹಾಕುವಂತಿಲ್ಲ. ಕೊಟ್ರೇಶ ಬೇರೆ ಪೆಟ್ಟಿಗೆಯಿಂದ ಅದೇ ಅಳತೆಯ ಸ್ಟೀಲ್ ಸ್ಕ್ರೂ ಎತ್ತಿಕೊಟ್ಟ. ಗಡಿಬಿಡಿಯಲ್ಲಿದ್ದ ಡಾಕ್ಟರು ಬಿಗಿದರು. ಎಷ್ಟು ಚೆನ್ನಾಗಿ ಕೂತಿತು ಅಂತ ಇವನಿಗೆ ಖುಷಿ ಬೇರೆ! ಪಂಪಿನಲ್ಲಿ ಹಿತ್ತಾಳೆಗೆ ಕಬ್ಬಿಣ ಜೋಡಿಸಿದರೆ ನೀರಿನಲ್ಲಿ ಕಬ್ಬಿಣ ತಿಂದುಹೋಗುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು. ಮೈಯೊಳಗಿರುವುದೂ ಉಪ್ಪುನೀರೇ ಎಂಬುದು ಅವತ್ತು ಹೊಳೆಯಲೇ ಇಲ್ಲ.

ಎಂಟು ತಿಂಗಳಾಯಿತು. ಮೂಳೆ ಕೂಡಿತು, ಬಾವು ಇಳಿಯಲಿಲ್ಲ. ಅಂಜಿನವ್ವ ಮಾತ್ರೆ ನುಂಗಿ ನುಂಗಿ ಸೋತಳು. ಕೊನೆಗೆ ಡಾಕ್ಟರು ಪ್ಲೇಟು ತೆಗೆಯಲು ಕುಯ್ದರು. ಒಂದು ಸ್ಕ್ರೂವಿನ ಸುತ್ತ ಮಾತ್ರ ಮಾಂಸ ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಸ್ಕ್ರೂವಿನ ಕತ್ತು ಸವೆದು ಗುಳಿ ಬಿದ್ದಿತ್ತು. ಅದು ತಾನು ಎತ್ತಿಕೊಟ್ಟ ಸ್ಟೀಲ್ ಸ್ಕ್ರೂ ಎಂದು ಕೊಟ್ರೇಶನಿಗೆ ನೋಡಿದ ಕೂಡಲೇ ಗೊತ್ತಾಯಿತು. ಸುಮ್ಮನಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಆದರೆ ಆ ಕಪ್ಪು ನೋಡಿದ ಮೇಲೆ ಸುಮ್ಮನಿರುವುದು ಹೇಗೆ? ಅಲ್ಲೇ ಬಾಯಿಬಿಟ್ಟ.

"ಎರಡು ಲೋಹ ತಾಗಿದ್ರೆ ಒಂದು ಕರಗಿ ಮಾಂಸಕ್ಕೆ ಇಳಿಯುತ್ತೆ, ಮೈ ತಡಕೊಳ್ಳಲ್ಲ. ಗೊತ್ತಿಲ್ವೇನಯ್ಯ?" ಡಾಕ್ಟರು ಸಿಡುಕಿದರು. ಆಮೇಲೆ ತಾವೇ ಮೆತ್ತಗಾದರು. "ನಾನೂ ನೋಡಬೇಕಿತ್ತು. ಅಜ್ಜಿಗೆ ಹೇಳೋಣ."

ಮೂರನೇ ದಿನ ಡಾಕ್ಟರು ಎಲ್ಲ ವಿವರಿಸಿ ಹೋದ ಮೇಲೂ ಕೊಟ್ರೇಶ ಮಂಚದ ಹತ್ತಿರವೇ ನಿಂತಿದ್ದ. "ಸ್ಕ್ರೂ ಕೊಟ್ಟೋನು ನಾನೇ ಅವ್ವಾ. ಕೆಲಸ ಹೋದ್ರೂ ಹೋಗ್ಲಿ, ಹೊಟ್ಟೆಯಾಗ ಇಟ್ಕೊಂಡಿರಕಾಗಲ್ಲ."

ಅಂಜಿನವ್ವ ಬೈಯಲಿಲ್ಲ. "ಹಂಗಾದ್ರೆ ಈ ಬಾವು ಬದನೆಕಾಯಿಂದ ಅಲ್ಲೇನಪ್ಪ?"

"ಯಾವ ಬದನೆಕಾಯಿ?"

"ಆಪರೇಷನ್ ಆಗಿ ಮನಿಗೆ ಹೋಗಿ ಒಂದು ವಾರದಾಗೇ ಸೊಸಿ ಪದ್ಮಶ್ರೀ ಎಣ್ಣೆಗಾಯಿ ಮಾಡಿದ್ಲು. ಬದನೆಕಾಯಿ ನಂಜು, ಬೇಕಂತ್ಲೇ ಉಣ್ಣಿಸ್ಯಾಳ ಅಂತ ಓಣಿಗೆಲ್ಲ ಹೇಳ್ದೆ. ಎಂಟು ತಿಂಗಳು ಅಕಿ ಕೈಯಾಗ ಒಂದು ತುತ್ತು ಉಂಡಿಲ್ಲ."

ಕೊಟ್ರೇಶ ಕೆಲಸ ಕಳೆದುಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದ. ಇದಕ್ಕಲ್ಲ.

"ಹೊರಗ ಕುಂತಾಳ, ಕರಿ," ಎಂದಳು ಅಂಜಿನವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಮೊದ್ಲು ನೀ ಹೇಳು. ಆಮ್ಯಾಗ ನಾ ಹೇಳ್ತೀನಿ."