ಸಿನಿಮಾದವರು ತೋರಿಸದ ಅಮ್ಮ

ತೊಂಬತ್ತರ ದಶಕದ ನಡುವೆ ಒಮ್ಮೆ ಅಮ್ಮ ಮೈಸೂರಿನಿಂದ ಮೆಲ್ಬರ್ನ್‌ಗೆ ಬಂದಿದ್ದಳು, ಮೂರು ತಿಂಗಳಿಗೆ. ಅವಳು ಹೊರಡಲು ಹತ್ತೇ ದಿನ ಉಳಿದಿದ್ದರೂ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ನಾನು ಮದುವೆಯಾಗಬೇಕೆಂದಿದ್ದ ಹುಡುಗ ಇಟಲಿಯವರ ಮನೆಯವನು. ಆಫೀಸಿನ ಸ್ನೇಹಿತ ಎಂದು ಹೇಳಿ ಎರಡು ಸಲ ಮನೆಗೆ ಕರೆತಂದಿದ್ದೆ. ಅಮ್ಮ ಅವನಿಗೆ ಬಿಸಿಬೇಳೆಬಾತ್ ಬಡಿಸಿ, "ಪಾಪ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿದ್ರೂ ಬಿಡದೆ ತಿಂದ ಕಣೆ" ಎಂದು ಹೊಗಳಿದ್ದಳು. ಅಷ್ಟೇ.

ನೇರವಾಗಿ ಹೇಳುವ ಧೈರ್ಯ ನನಗೆಲ್ಲಿ? ವಿಡಿಯೊ ಅಂಗಡಿಯಿಂದ ಒಂದು ಇಟಾಲಿಯನ್ ಪ್ರೇಮಕಥೆ ತಂದೆ. ಅವರದೂ ನಮ್ಮ ಹಾಗೆಯೇ ಮನೆತುಂಬ ಜನ, ಊಟ, ಕೂಗಾಟ ಎಂದು ನೋಡಿ ಅಮ್ಮನ ಮನಸ್ಸು ಮೆತ್ತಗಾಗಲಿ ಎಂಬುದು ನನ್ನ ಉಪಾಯ. ಮೊದಲು ನಾನೊಮ್ಮೆ ನೋಡಬೇಕೆಂಬ ಬುದ್ಧಿ ಬರಲಿಲ್ಲ.

ಸಿನಿಮಾದ ಹುಡುಗಿ ದೊಡ್ಡ ಮನೆತನದವಳು. ಅವಳು ಪ್ರೀತಿಸಿದ್ದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಇಂಡಿಯಾದ ಹುಡುಗನನ್ನು! ತೆರೆಯ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಹುಡುಗಿಯ ತಾಯಿ "ಇಂಥವನು ನಮ್ಮ ಮನೆಗೆ ಬೇಡ" ಎಂದದ್ದೇ ತಡ, ಅಮ್ಮ ಸೋಫಾದಿಂದ ಎದ್ದೇಬಿಟ್ಟಳು.

"ಇಂಥವನು ಅಂದ್ರೆ? ಇವಳಿಗೇನು ಕೊಂಬಿದ್ಯಾ? ಅಲ್ಲ ಕಣೆ, ಆ ಹುಡುಗಿಗೆ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲಾರ್‍ನೂ ತೋರಿಸಿದಾರೆ. ಈ ಹುಡುಗನಿಗೆ ಅಮ್ಮ ಇಲ್ವಾ? ಆಕಾಶದಿಂದ ಉದುರಿದ್ನಾ? ಇಷ್ಟು ಹೊತ್ತಾದ್ರೂ ಅವನ ಬಾಯಲ್ಲಿ ನಾಲ್ಕು ಮಾತಿಲ್ಲ!"

ಈಗ ಬಿಟ್ಟರೆ ಇನ್ನಿಲ್ಲ. "ಅಮ್ಮ, ಹುಡುಗ ಅವರವನು, ಹುಡುಗಿ ನಮ್ಮೋಳು ಆಗಿದ್ರೆ?"

ಅಮ್ಮ ನನ್ನ ಮುಖವನ್ನೇ ನೋಡಿದಳು. ಟೀವಿ ಆರಿಸಿದಳು.

"ಬಿಸಿಬೇಳೆಬಾತ್ ತಿಂದೋನಾ?"

ತಲೆಯಾಡಿಸಿದೆ.

"ಕಳ್ಳಿ! ನನ್ನ ಹತ್ರ ಹೇಳೋಕೂ ನಿನಗೆ ಸಿನಿಮಾ ಬೇಕಾಯ್ತಾ?" ಎಂದು ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಕೊನೆಗೆ ಅವಳೇ ಕೇಳಿದಳು. "ಅವರಮ್ಮ ಏನಂತಾರೆ?"

"ಬೇಡ ಅಂತಿದಾರೆ."

"ಏನು? ನನ್ನ ಮಗಳನ್ನಾ? ನೋಡ್ದೇನೇ? ಈ ಭಾನುವಾರ ಹೆಣ್ಣು ನೋಡೋಕೆ ಬರೋದಕ್ಕೆ ಹೇಳು. ನೋಡಿ, ತಿಂಡಿ ತಿಂದು, ಬೇಡಾಂತ ನನ್ನೆದುರಿಗೇ ಅನ್ಲಿ, ನೋಡೋಣ. ನಿಮ್ಮಪ್ಪನಿಗೆ ನಾನು ಹೇಳ್ಕೋತೀನಿ."

ಹೆಣ್ಣು ನೋಡುವುದೆಂದರೇನು, ಗಂಡಿನ ಕಡೆಯವರೇ ಯಾಕೆ ಮೊದಲು ಬರಬೇಕು ಎಂದು ನನ್ನ ಹುಡುಗನಿಗೆ ಫೋನಿನಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಭಾನುವಾರ ಏಳು ಜನ ಬಂದರು. ಅಮ್ಮ ಬೆಳಗ್ಗೆಯೇ ಉಪ್ಪಿಟ್ಟು, ಕೇಸರಿಬಾತ್ ಮಾಡಿ, ನನಗೆ ತನ್ನ ರೇಷ್ಮೆ ಸೀರೆ ಉಡಿಸಿದ್ದಳು.

ಅವನ ತಾಯಿ ಹುಬ್ಬು ಗಂಟಿಕ್ಕಿಕೊಂಡು ಬಾಗಿಲಲ್ಲೇ ನಿಂತರು. ಇಂಗ್ಲಿಷ್ ಇಬ್ಬರು ಅಮ್ಮಂದಿರಿಗೂ ಅಷ್ಟಕ್ಕಷ್ಟೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದಳು. ನನ್ನತ್ತ ಬೆರಳು ತೋರಿಸಿ, ತನ್ನ ಎದೆಯ ಮೇಲೆ ಕೈಯಿಟ್ಟು, ಇಡೀ ಬೀದಿಗೆ ಕೇಳುವಂತೆ ಹೇಳಿದಳು:

"ಐ, ಮದರ್!"

ಆಕೆ ಅಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಆಮೇಲೆ ಮಗನ ಬೆನ್ನಿಗೊಂದು ಏಟು ಕೊಟ್ಟು, ತಮ್ಮ ಎದೆಯನ್ನೂ ತಟ್ಟಿಕೊಂಡು "ಮದರ್" ಎಂದರು. ಬಾಗಿಲ ಪಕ್ಕದಲ್ಲಿದ್ದ ನಮ್ಮ ಚಪ್ಪಲಿಗಳನ್ನು ಕಂಡು, ಬಗ್ಗಿ ತಮ್ಮ ಶೂ ಬಿಚ್ಚತೊಡಗಿದರು.