ಟೇಪಿನಲ್ಲಿ ನಾಲ್ಕು ತಿಂಗಳು

ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಧಾಟಿಯಲ್ಲಿ ಹೇಳುವುದು ನನಗೆ ಹುಟ್ಟಿನಿಂದಲೇ ಬಂದದ್ದು. ಮೈಸೂರಿನ ನಮ್ಮ ಮನೆಯಲ್ಲಿ ಇದನ್ನು ಜಾಣತನ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಸಯನ್ನಿಗೆ ಬಂದು, ಸಾಂತಾಕ್ರೂಜಿನ ಒಂದು ಎಂಜಿನಿಯರಿಂಗ್ ಕಂಪನಿಯ ಕಂಪ್ಯೂಟರ್ ಕೋಣೆಗೆ ಕೆಲಸಕ್ಕೆ ಸೇರಿದ ಮೇಲೂ ಅದನ್ನು ಬಿಡಲಿಲ್ಲ. ಅದರಿಂದ ಒಬ್ಬ ಸಜ್ಜನರ ಹೆಸರಿಗೆ ಏನಾಯಿತೆಂದು ಈಗ ಹೇಳಿಬಿಡುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೋಣೆಯಲ್ಲಿದ್ದದ್ದು ಒಂದೇ ಯುನಿಕ್ಸ್ ಯಂತ್ರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅದನ್ನು ನೋಡಿಕೊಳ್ಳುತ್ತಿದ್ದವರು ಮಂಗಳೂರು ಕಡೆಯ ವಾಸುದೇವ ಪೈ. ಐವತ್ತು ದಾಟಿದ್ದರು. ಒಂದು ಸಾಲು ಕಮಾಂಡ್ ಟೈಪ್ ಮಾಡಿದರೆ, ಎಂಟರ್ ಒತ್ತುವ ಮೊದಲು ಅದನ್ನು ಎರಡು ಸಲ ಓದುವರು. ನಾನು ಹಿಂದೆ ನಿಂತು ಒಳಗೊಳಗೇ ಚಡಪಡಿಸುತ್ತಿದ್ದೆ. ಪ್ರತಿ ತಿಂಗಳ ಕೊನೆಗೆ ಎಂಜಿನಿಯರುಗಳ ಕೆಲಸವನ್ನೆಲ್ಲ ಟೇಪಿಗೆ ಬ್ಯಾಕಪ್ ತೆಗೆದಿಡುವುದು ಅವರೇ. ಅದನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಅಕ್ಟೋಬರ್ ಮೊದಲಿಗೆ ಪೈಯವರಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮನೆಗೆ ಬಂದರೂ ಒಂದು ತಿಂಗಳು ರಜೆ ಎಂದಾಯಿತು. ಅದೇ ವಾರ ಯಂತ್ರದ ಡಿಸ್ಕ್ ಕೆಟ್ಟಿತು. ಆರು ಜನ ಎಂಜಿನಿಯರುಗಳು ಮಳೆಗಾಲವಿಡೀ ಕೂತು ಮಾಡಿದ ಸೇತುವೆಯ ವಿನ್ಯಾಸ ಅದರಲ್ಲಿತ್ತು. ಹೊಸ ಡಿಸ್ಕ್ ಬಂದು ಕೂತಿತು. ಎಲ್ಲರೂ ನನ್ನತ್ತ ನೋಡಿದರು. ನಾನು ಪೈಯವರ ಕೊನೆಯ ಟೇಪನ್ನು ಗತ್ತಿನಿಂದಲೇ ಹಾಕಿದೆ.

ಬಂದದ್ದು ಜೂನ್ ತಿಂಗಳ ಕೆಲಸ. ಸೇತುವೆ ಆಗಿನ್ನೂ ನಾಲ್ಕು ಗೆರೆಗಳಷ್ಟೇ ಇತ್ತು. ಮತ್ತೊಮ್ಮೆ ಹಾಕಿದೆ, ಜೂನ್. ಮೂರನೆಯ ಸಲವೂ ಜೂನ್. ಮ್ಯಾನೇಜರ್ ಸಾಠೆಯವರ ಕೋಣೆಯಲ್ಲಿ ಆರೂ ಎಂಜಿನಿಯರುಗಳ ಎದುರು ನಾನು ತೀರ್ಪು ಕೊಟ್ಟೆ: ಪೈಯವರು ಜೂನ್ ಆದಮೇಲೆ ಬ್ಯಾಕಪ್ಪನ್ನೇ ತೆಗೆದಿಲ್ಲ. ಒಬ್ಬ ಹಿರಿಯ ಎಂಜಿನಿಯರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಸಾಠೆಯವರು ಪೈಯವರನ್ನು ಕಂಪ್ಯೂಟರ್ ಕೋಣೆಯಿಂದ ತೆಗೆಯಬೇಕೆಂದು ಹೆಡ್ ಆಫೀಸಿಗೆ ಪತ್ರ ಟೈಪ್ ಮಾಡಲು ಹೇಳಿದರು.

ನಾನು ಮಾಡಿದ್ದು ಎಂಥ ಎಡವಟ್ಟೆಂದು ಆಗ ನನಗೆ ಗೊತ್ತಿರಲಿಲ್ಲ; ಹಳೆಯ ಓಲೆಗರಿ ಗ್ರಂಥಗಳ ಪಟ್ಟಿ ಮಾಡುವವರಿಗೂ ಅದು ಆಗುವುದುಂಟಂತೆ. ಒಂದೇ ಕಟ್ಟಿನಲ್ಲಿ ಮೂರು ಗ್ರಂಥ ಪೋಣಿಸಿರುತ್ತದೆ; ಮೊದಲನೆಯದರ ಹೆಸರನ್ನು ಇಡೀ ಕಟ್ಟಿಗೆ ಬರೆದುಬಿಡುತ್ತಾರೆ. ಉಳಿದೆರಡು ಕಳೆದುಹೋದವೆಂದು ವಿದ್ವಾಂಸರು ಮರುಗುತ್ತಿರುವಾಗ ಅವು ಅದೇ ಕಪಾಟಿನಲ್ಲಿ ಮಲಗಿರುತ್ತವೆ. ಇದನ್ನು ನಾನು ಓದಿದ್ದು ಬಹಳ ತಡವಾಗಿ.

ಆ ಸಂಜೆ ದಾದರ್ ಕಡೆಯ ಲೋಕಲ್ ರೈಲು ಹಿಡಿಯಬೇಕಾದವಳು ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ಒಂದೇ ಸ್ಟೇಷನ್ ಆಚೆಯ ವಿಲೆ ಪಾರ್ಲೆಯಲ್ಲಿ ಇಳಿದೆ. ಪೈಯವರನ್ನು ನೋಡಿ ಬರಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಪತ್ರದ ಸುದ್ದಿ ಬೇರೆಯವರಿಂದ ತಲುಪುವ ಮೊದಲು ನನ್ನ ಮಾತನ್ನು ಸಮರ್ಥಿಸಿಕೊಳ್ಳಬೇಕಿತ್ತು.

ಅವರು ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದರು. ಅವರ ಹೆಂಡತಿ ನನಗೆ ಕಷಾಯ ಕೊಟ್ಟು, ಹೆಚ್ಚು ಮಾತಾಡಿಸಬೇಡಿ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಡಿಸ್ಕ್ ಕೆಟ್ಟದ್ದು, ಟೇಪಿನಲ್ಲಿ ಜೂನ್ ಮಾತ್ರ ಸಿಕ್ಕಿದ್ದು ಹೇಳಿದೆ. ಅವರಿಗೆ ಗಾಬರಿಯೇನೂ ಆಗಲಿಲ್ಲ.

"ಮುಂದೆ ಹೋಗಿ ನೋಡಿದ್ರಾ?" ಎಂದರು. "ಅದರಲ್ಲಿ ನಾಲ್ಕು ಉಂಟಲ್ಲ."

ಆಮೇಲೆ ನಿಧಾನವಾಗಿ ವಿವರಿಸಿದರು. ಹೊಸ ಟೇಪು ಸಿಗುವುದು ಕಷ್ಟವಾದ್ದರಿಂದ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ನಾಲ್ಕನ್ನೂ ಒಂದರ ಹಿಂದೊಂದು ಬರೆದಿದ್ದರು. ಒಂದೊಂದರ ಕೊನೆಗೂ ಯಂತ್ರವೇ ಒಂದು ಗುರುತು ಹಾಕುತ್ತದೆ. ಓದುವಾಗ ಆ ಗುರುತಿನಲ್ಲಿ ನಿಂತುಬಿಡುತ್ತದೆ. ಟೇಪು ಓದಿಸುವ ಡ್ರೈವಿಗೆ ನಾನು ಕಮಾಂಡಿನಲ್ಲಿ ಕೊಟ್ಟ ಹೆಸರಿಗೆ, ನಿಂತೊಡನೆ ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿಗೇ ತರುವ ಅಭ್ಯಾಸ. ಆದ್ದರಿಂದ ಮೂರು ಸಲವೂ ಜೂನ್. ಹೆಸರಿನ ಮೊದಲಿಗೆ 'ಎನ್' ಎಂಬ ಒಂದು ಅಕ್ಷರ ಸೇರಿಸಿದರೆ ಟೇಪು ಇದ್ದಲ್ಲೇ ನಿಲ್ಲುತ್ತದೆ. ಮೂರು ಗುರುತು ದಾಟಿಸಿ ಓದಿದರೆ ಸೆಪ್ಟೆಂಬರ್.

"ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೆ, ನೋಡ್ಲಿಲ್ವಾ?" ಎಂದರು.

ಮುಚ್ಚಳ ಬಿರುಕು ಬಿಟ್ಟಿದೆಯೆಂದು ಆ ಡಬ್ಬಿಯನ್ನು ಅವರು ರಜೆಗೆ ಹೋದೊಡನೆ ಬಿಸಾಡಿದವಳು ನಾನೇ. ಕಷಾಯದ ಲೋಟ ಕೆಳಗಿಟ್ಟು, ಡಬ್ಬಿಯ ವಿಷಯ, ಸಾಠೆಯವರ ಕೋಣೆಯಲ್ಲಿ ನಾನು ಆಡಿದ ಮಾತು, ಟೈಪಾಗುತ್ತಿರುವ ಪತ್ರ ಎಲ್ಲವನ್ನೂ ಹೇಳಿದೆ. ಕ್ಷಮಿಸಿ ಎಂದೆ.

ಪೈಯವರು ಕಿಟಕಿಯತ್ತ ತಿರುಗಿದರು. ಅವರ ಎದೆ ಏರಿಳಿಯುವುದನ್ನು ಕಂಡು ನನಗೆ ಭಯವಾಯಿತು.

"ನನ್ನ ಹತ್ರ ಸಾರಿ ಹೇಳುವುದು ಬೇಡ, ವಸುಧಾ," ಎಂದರು. "ಯಾರ ಎದುರು ಹೇಳಿದ್ರೋ ಅವರ ಎದುರೇ ಹೇಳಿ."

ಮರುದಿನ ಬೆಳಿಗ್ಗೆ ಎನ್ ಸೇರಿಸಿ, ಮೂರು ಗುರುತು ದಾಟಿಸಿ ಓದಿದೆ. ಕಮಾಂಡನ್ನು ಎರಡಲ್ಲ, ಐದು ಸಲ ಓದಿಕೊಂಡಿರಬೇಕು. ಸೇತುವೆ ಪೂರ್ತಿಯಾಗಿ ಬಂತು. ಎಂಜಿನಿಯರುಗಳು ನನ್ನ ಕೈ ಕುಲುಕಿದರು. ಸಾಠೆಯವರು ಎಲ್ಲರನ್ನೂ ಕರೆದು ಚಹಾ ತರಿಸಿ, ಈ ಹುಡುಗಿ ಕಂಪನಿಯ ಮಾನ ಉಳಿಸಿದಳು ಎಂದರು. ಹೇಗೆ ಸಿಕ್ಕಿತೆಂದು ಒಬ್ಬರೂ ಕೇಳಲಿಲ್ಲ. ಸುಮ್ಮನೆ ನಕ್ಕಿದ್ದರೆ ಸಾಕಿತ್ತು. ಸುಳ್ಳಿನ ಒಂದಕ್ಷರವನ್ನೂ ಆಡಬೇಕಿರಲಿಲ್ಲ. ಆ ಅರ್ಧ ನಿಮಿಷ ನಾನು ನಕ್ಕೂ ಇದ್ದೆ, ಅದನ್ನು ಮುಚ್ಚಿಡಲಾರೆ.

ಆಮೇಲೆ ಹೇಳಿದೆ. ಎದ್ದು ನಿಂತು, ಹಿಂದಿ ಇಂಗ್ಲಿಷ್ ಬೆರೆಸಿ, ತಡವರಿಸುತ್ತ. ಬ್ಯಾಕಪ್ ನಾಲ್ಕೂ ಇತ್ತು, ಓದಲು ಬಾರದವಳು ನಾನು, ಚೀಟಿ ಎಸೆದವಳೂ ನಾನು ಎಂದೆ. ಕುಲುಕಿದ ಕೈಗಳೆಲ್ಲ ಲೋಟ ಹಿಡಿದು ಕೂತವು. ಸಾಠೆಯವರು ಟೈಪಾಗಿದ್ದ ಪತ್ರವನ್ನು ತರಿಸಿ, ಹರಿದು, ನನ್ನ ಮುಖ ನೋಡದೆ ಎದ್ದುಹೋದರು. ಅವರು ನನ್ನೊಡನೆ ಮೊದಲಿನಂತೆ ಮಾತಾಡಲು ದೀಪಾವಳಿ ಕಳೆಯಬೇಕಾಯಿತು.

ಪೈಯವರು ಕೆಲಸಕ್ಕೆ ಮರಳಿದ ದಿನ ಚಪ್ಪಲಿ ಬಿಟ್ಟು ಒಳಗೆ ಬಂದು, ಟೇಪಿನ ಕಪಾಟು ತೆರೆದು ನೋಡಿ ಮುಚ್ಚಿದರು.

"ಹೇಳಿದ್ರಾ?" ಎಂದರು.

ಹೇಳಿದೆ ಎಂದೆ.

"ಕಷ್ಟ ಆಯ್ತಾ?"

"ತುಂಬಾ ಆಯ್ತು ಸರ್."

"ಹಾಗಾದ್ರೆ ಸರಿಯಾಗಿಯೇ ಹೇಳಿದ್ದೀರಿ," ಎಂದು, ನನ್ನನ್ನೂ ಚಹಾಕ್ಕೆ ಕರೆದರು.